ಫೈಬರ್ ಕಂಬ ಎಲ್ಲಿ ನೆಡಬೇಕು ಅಂತ ಹೇಳುವ ಹಕ್ಕು ಯಾರಿಗಿದೆ? ಶಿರಸಿ ಕಡೆಯವರು ದಯವಿಟ್ಟು ಹೇಳಿ

ತೋಟದಮನೆ, ಶಿರಸಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ–ಕುಮಟಾ ರಸ್ತೆಯಿಂದ ಒಳಗೆ ಹೋಗಬೇಕಾದ ಸಣ್ಣ ಊರು. ಇರುವುದೇ ಹನ್ನೊಂದು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ತೋಟ, ಬೆಟ್ಟ, ಹಳ್ಳ ಏನಾದರೊಂದು ದಾಟಲೇಬೇಕು. ಈಗ ಒಂದು ಖಾಸಗಿ ಕಂಪನಿ ಊರಿಗೆ ಫೈಬರ್ ಇಂಟರ್ನೆಟ್ ತರುತ್ತೇವೆ ಅಂತ ಕಂಬ ನೆಡಲು ಶುರು ಮಾಡಿದೆ. ಆ ಕಂಬದ ಜಾಗದ ವಿಷಯಕ್ಕೆ ಊರಲ್ಲಿ ಮನಸ್ತಾಪ ಆಗಿದೆ. ತಿಳಿದವರು ದಾರಿ ಹೇಳಬೇಕು.

ಮೊದಲೇ ಹೇಳಿಬಿಡುತ್ತೇನೆ, ನಮಗೆ ನೆಟ್ ಬೇಕು. ಮಗಳು ಬೆಂಗಳೂರಿನ ಕೆಲಸವನ್ನು ಊರಿಂದಲೇ ಮಾಡುತ್ತಾಳೆ. ಮಳೆಗಾಲದಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಬಂದ್ ಆಗುತ್ತದೆ. ಮೀಟಿಂಗ್ ಇದ್ದ ದಿನ ಅವಳು ರೇನ್‌ಕೋಟ್ ಹಾಕಿಕೊಂಡು ಸ್ಕೂಟಿಯಲ್ಲಿ ಪೇಟೆಗೆ ಹೋಗಿ ನೆಂಟರ ಮನೆಯಲ್ಲಿ ಕೂರುತ್ತಾಳೆ. ಪಕ್ಕದ ಮನೆಯ ಹುಡುಗ ಪಿಯುಸಿ. ಅವನು ಪಾಠದ ವಿಡಿಯೊ ನೋಡಬೇಕೆಂದರೆ ಗದ್ದೆ ಬಯಲಿನ ತುದಿಗೆ ಬರಬೇಕು. ಕಂಬವೇ ಬೇಡ ಅಂತ ನಾನು ಹೇಳುತ್ತಿಲ್ಲ. ನೆಡುವ ಮೊದಲು ಆ ಜಾಗದಲ್ಲಿ ಬದುಕುವವರನ್ನು ಕರೆದುಕೊಂಡು ಒಮ್ಮೆ ಲೈನಿನ ಉದ್ದಕ್ಕೂ ನಡೆಯಿರಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ಆಗಿದ್ದು ಹೀಗೆ. ಇಬ್ಬರು ಹುಡುಗರು ಬೈಕಿನಲ್ಲಿ ಬಂದರು. ಮೊಬೈಲ್ ಹಿಡಿದು ಅಲ್ಲಲ್ಲಿ ನಿಂತು ಫೋಟೊ ತೆಗೆದರು, ನೆಲಕ್ಕೆ ಸುಣ್ಣದ ಗುರುತು ಹಾಕಿದರು, ಹೋದರು. ಯಾರ ಮನೆಯ ಅಂಗಳಕ್ಕೂ ಬರಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ಕೆಲವೇ ದಿನದಲ್ಲಿ ಪಿಕಪ್ ತುಂಬಾ ಕಬ್ಬಿಣದ ಕಂಬ ಬಂದವು. ಗುಂಡಿ ತೋಡುವವರೂ ಬಂದರು.

ಒಂದು ಗುರುತು ನಮ್ಮ ಉಣಗೋಲಿನ (ಅಡ್ಡಗಳುವಿನ ಗೇಟಿನ) ಪಕ್ಕದ ತಿರುವಿನಲ್ಲೇ ಇದೆ. ಕೊಳೆ ಔಷಧಿ ಹೊಡೆಯುವಾಗ ಬ್ಯಾರಲ್ ತರುವ ಗಾಡಿ, ಗೊಬ್ಬರದ ಟ್ರ್ಯಾಕ್ಟರ್, ಅಡಕೆ ಒಯ್ಯುವ ಪಿಕಪ್ ಎಲ್ಲಾ ಅಲ್ಲೇ ಹಿಂದೆ ಮುಂದೆ ಮಾಡಿ ತಿರುಗಿಸಬೇಕು. ನಾಲ್ಕು ಅಡಿ ಆಚೆ ದರೆಗೆ, ಅಂದರೆ ದಾರಿ ಬದಿಯ ಕಡಿದಾದ ಮಣ್ಣಿನ ದಿಬ್ಬಕ್ಕೆ, ತಾಗಿಸಿ ನೆಟ್ಟರೆ ಯಾರಿಗೂ ತೊಂದರೆ ಇಲ್ಲ. ಗುಂಡಿ ತೋಡುವವರಿಗೆ ತೋರಿಸಿದೆ. ಅವರಿಗೂ ಅರ್ಥ ಆಯಿತು. "ಗುರುತು ಬದಲಾಯಿಸುವುದು ನಮ್ಮ ಕೈಲಿಲ್ಲ ಅಮ್ಮಾ" ಅಂದರು.

ಇದಕ್ಕಿಂತ ದೊಡ್ಡ ಸಮಸ್ಯೆ ಕೆಳಗಿನ ತೋಟದ್ದು. ಹಳ್ಳದ ಆಚೆ ಮೂರು ಮನೆ ಇವೆ. ರಸ್ತೆ ಮೇಲೆ ಹೋದರೆ ಸುತ್ತು. ಅದಕ್ಕೆ ಕಂಪನಿಯವರು ನಮ್ಮ ತೋಟದ ಮೇಲಿಂದ ಓರೆಯಾಗಿ ಕೇಬಲ್ ಎಳೆಯುತ್ತಾರಂತೆ. ತೋಟದ ಈ ತಲೆಗೆ ಒಂದು ಕಂಬ, ತೋಟದ ನಡುವೆ ಒಂದು, ಸಂಕದ (ಹಳ್ಳದ ಕಾಲುಸೇತುವೆಯ) ಹತ್ತಿರ ಇನ್ನೊಂದು.

ಅಡಕೆ ತೋಟದ ಕೆಲಸ ನೋಡಿದವರಿಗೆ ಇದು ಯಾಕೆ ಆಗುವುದಿಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನೋಡದವರಿಗಾಗಿ ಹೇಳುತ್ತೇನೆ. ಕೊನೆಗೌಡರು, ಅಂದರೆ ಅಡಕೆ ಕೊಯ್ಯುವವರು, ಮರದ ತಲೆಯಲ್ಲಿ ಕೂತು ಕೊನೆ (ಅಡಕೆ ಗೊನೆ) ಕೊಯ್ದು ಹಗ್ಗಕ್ಕೆ ಬಿಡುತ್ತಾರೆ. ಕೆಳಗೆ ಒಬ್ಬರು ಹಗ್ಗದ ತುದಿ ಹಿಡಿದು, ಮರದಿಂದ ಸಾಕಷ್ಟು ದೂರದಲ್ಲಿ, ಹಗ್ಗ ಬಿಗಿಯಾಗಿ ಎಳೆದುಕೊಂಡು ನಿಂತಿರುತ್ತಾರೆ. ಕೊನೆ ಆ ಹಗ್ಗದ ಮೇಲೆ ಸೊಂಯ್ ಅಂತ ಜಾರಿ ಬಂದು ಅವರ ಕೈ ಸೇರುತ್ತದೆ. ನೆಲಕ್ಕೆ ಬಿದ್ದರೆ ಅಡಕೆ ಉದುರಿ ಚೆಲ್ಲುತ್ತದೆ. ಒಂದು ಮರ ಮುಗಿದ ಮೇಲೆ ಗೌಡರು ಕೆಳಗೆ ಇಳಿಯದೆ ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತಾರೆ. ಹಗ್ಗ ಹಿಡಿದವರೂ ಅದಕ್ಕೆ ತಕ್ಕ ಹಾಗೆ ಜಾಗ ಬದಲಿಸುತ್ತಾ ಹೋಗುತ್ತಾರೆ. ಆ ಹಗ್ಗದ ದಾರಿಯಲ್ಲಿ ಇಪ್ಪತ್ತು ಅಡಿ ಎತ್ತರಕ್ಕೆ ಒಂದು ಕೇಬಲ್ ಅಡ್ಡ ಬಂದರೆ ಗತಿ ಏನು? ಜೋರಾಗಿ ಬರುವ ಕೊನೆ ಕೇಬಲಿಗೆ ಬಡಿದರೆ ಕೇಬಲ್ ಹರಿಯುತ್ತದೆ, ಇಲ್ಲಾ ಹಗ್ಗ ಹಿಡಿದವರ ತಲೆ ಮೇಲೆ ಕೊನೆ ಬೀಳುತ್ತದೆ. ಈಗಲೇ ಕೊನೆಗೌಡರು ಸಿಗುವುದು ಕಷ್ಟ. ಹೀಗೆ ತಂತಿ ಇರುವ ತೋಟಕ್ಕೆ ಯಾರು ಬರುತ್ತಾರೆ? ಮೇಲಿಂದ ವರ್ಷವಿಡೀ ಹಾಳೆ ಸಮೇತ ಸೋಗೆ (ಅಡಕೆ ಮರದ ಗರಿ) ಬೀಳುತ್ತಲೇ ಇರುತ್ತದೆ. ಅದರ ಭಾರಕ್ಕೆ ಕೇಬಲ್ ಜೋತುಬಿದ್ದರೆ "ನಿಮ್ಮ ತೋಟದಿಂದಲೇ ನೆಟ್ ಹೋಯಿತು" ಅಂತ ಆಚೆ ಮನೆಯವರು ನಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುತ್ತಾರೆ.

ಕಂಪನಿಯ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. "ಪಂಚಾಯ್ತಿ ಪರ್ಮಿಷನ್ ಇದೆ ಮೇಡಂ, ಇನ್ಯಾರನ್ನೂ ಕೇಳಬೇಕಾಗಿಲ್ಲ" ಅಂದರು. ಪಂಚಾಯ್ತಿಯಲ್ಲಿ ಕೇಳಿದರೆ "ನಾವು ಕೊಟ್ಟಿದ್ದು ರಸ್ತೆ ಬದಿಗೆ ಮಾತ್ರ" ಅನ್ನುತ್ತಾರೆ. ಮೇಲಿನ ಕೇರಿಗೆ ಹೋಗುವ ನಾಲ್ಕು ಕಂಬ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಬರುತ್ತವೆ. ಅದಕ್ಕೆ ಯಾರು ಒಪ್ಪಿಗೆ ಕೊಟ್ಟರು ಅಂತ ಯಾರಿಗೂ ಗೊತ್ತಿಲ್ಲ.

ಸುತ್ತಿನ ದಾರಿಯಲ್ಲಿ ಎಳೆಯಿರಿ ಅಂದರೆ "ಉದ್ದ ಜಾಸ್ತಿಯಾದರೆ ಸ್ಪೀಡ್ ಬರುವುದಿಲ್ಲ" ಅನ್ನುತ್ತಾರೆ. ಇದು ನಿಜವಾ? ಪಂಚಾಯ್ತಿ ಪತ್ರ ನಮ್ಮ ತೋಟದೊಳಗೂ ನಡೆಯುತ್ತದಾ? ಇರುವ ಕರೆಂಟ್ ಕಂಬಕ್ಕೇ ಕೇಬಲ್ ಕಟ್ಟಲು ಬರುವುದಿಲ್ಲವಾ? ಆಚೆ ಮನೆಯ ಅತ್ತಿಗೆ ಮೊನ್ನೆ, "ನೀವು ತಕರಾರು ತೆಗೆದರೆ ಕಂಪನಿಯವರು ಬಿಟ್ಟೇ ಹೋಗುತ್ತಾರೆ, ಆಮೇಲೆ ನಮ್ಮ ಮಕ್ಕಳ ಕಥೆ ಏನು" ಅಂದರು. ಆ ಮಾತು ಮನಸ್ಸಿಗೆ ತುಂಬಾ ನಾಟಿದೆ. ಅವರಿಗೂ ನೆಟ್ ಸಿಗಬೇಕು, ನಮ್ಮ ತೋಟವೂ ಉಳಿಯಬೇಕು.

ಹಳೇ ಲೈನ್, ಕುಮಟಾ:

ತಂಗೀ, ನಾನು ಟೆಲಿಫೋನ್ ಇಲಾಖೆಯಲ್ಲಿ ಲೈನ್ ಕೆಲಸ ಮಾಡಿ ನಿವೃತ್ತನಾದವನು. ಘಟ್ಟದ ಮೇಲೂ ಕೆಳಗೂ ಕಂಬ ನೆಟ್ಟಿದ್ದೇನೆ. ನಿನ್ನ ಪ್ರಶ್ನೆಯಲ್ಲಿ ಸ್ಪೀಡಿನ ವಿಷಯವನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಅದು ಶುದ್ಧ ಸುಳ್ಳು.

ಮನೆಗೆ ಫೈಬರ್ ಕೊಡುವ ಈಗಿನ ಪದ್ಧತಿಯಲ್ಲಿ ಎಕ್ಸ್‌ಚೇಂಜಿನ ಯಂತ್ರದಿಂದ ಸುಮಾರು 20 ಕಿಲೋಮೀಟರ್‌ವರೆಗೆ ಬೆಳಕು ಕಳಿಸಬಹುದು. ಬೆಳಕಿನ ಬಲ ಎಷ್ಟು ಕಳೆಯಿತು ಅಂತ ಡೆಸಿಬಲ್‌ನಲ್ಲಿ ಅಳೆಯುತ್ತಾರೆ; ಒಂದು ಕಿಲೋಮೀಟರ್ ಫೈಬರಿನಲ್ಲಿ ಕಳೆದುಹೋಗುವುದು 0.35 ಡೆಸಿಬಲ್ ಆಸುಪಾಸು. ಒಂದು ಲೈನನ್ನು 32 ಮನೆಗೆ ಹಂಚುವ ಸ್ಪ್ಲಿಟರ್ ಇದೆಯಲ್ಲಾ, ಅದೊಂದೇ 17 ಡೆಸಿಬಲ್‌ನಷ್ಟು ತಿನ್ನುತ್ತದೆ. ಅದರ ಮುಂದೆ ನಿಮ್ಮೂರ ರಸ್ತೆಯ ಸುತ್ತು ಯಾವ ಲೆಕ್ಕ? ಜಾಸ್ತಿಯಾಗುವುದು ಕಂಪನಿಯ ಖರ್ಚು. ಎರಡು ಕಂಬದ ನಡುವೆ 40–50 ಮೀಟರ್ ಅಂತ ಇಟ್ಟುಕೊಂಡರೆ ಸುತ್ತಿನ ದಾರಿಗೆ ಇನ್ನೂ ನಾಲ್ಕಾರು ಕಂಬ ಬೇಕಾಗುತ್ತವೆ. ಖರ್ಚು ಅಂತ ಹೇಳಿದರೆ ಕೂತು ಮಾತಾಡಬಹುದು. ಸ್ಪೀಡ್ ಅಂತ ಹೇಳಿ ಬಾಯಿ ಮುಚ್ಚಿಸುವುದು ಸರಿಯಲ್ಲ.

ಇನ್ನೊಂದು ವಿಷಯ. ಎಲ್ಲರೂ ಕಂಬ ಎಲ್ಲಿ ಬರುತ್ತದೆ ಅಂತ ನೋಡುತ್ತಾರೆ, ಸ್ಟೇ ಎಲ್ಲಿ ಬರುತ್ತದೆ ಅಂತ ಕೇಳುವುದಿಲ್ಲ. ಲೈನ್ ತಿರುಗುವ ಕಡೆ, ಕೊನೆಯಾಗುವ ಕಡೆ ಕೇಬಲಿನ ಎಳೆತಕ್ಕೆ ಕಂಬ ವಾಲುತ್ತದೆ. ಅದನ್ನು ಹಿಂದಕ್ಕೆ ಹಿಡಿಯಲು ಕಂಬದ ತಲೆಯಿಂದ ಓರೆಯಾಗಿ ಒಂದು ತಂತಿ ಬಿಗಿದು ನೆಲದಲ್ಲಿ ಹುಗಿಯುತ್ತಾರೆ. ಕಂಬ ಹಿಡಿಯುವುದು ಒಂದಡಿ ಜಾಗ. ಸ್ಟೇ ಹಿಡಿಯುವುದು ಎಂಟು ಹತ್ತು ಅಡಿ. ಕತ್ತಲಲ್ಲಿ ಎಮ್ಮೆ, ಮಕ್ಕಳು, ಬೈಕಿನವರು ಎಡವುವುದು ಆ ತಂತಿಗೇ. ನಿನ್ನ ಉಣಗೋಲಿನ ಹತ್ತಿರದ್ದು ತಿರುವಿನ ಕಂಬ ಅಂದೆಯಲ್ಲಾ, ಅದಕ್ಕೆ ಸ್ಟೇ ಬಂದೇ ಬರುತ್ತದೆ. ಯಾವ ದಿಕ್ಕಿಗೆ ಅಂತ ಈಗಲೇ ಕೇಳು.

ಸಂಕದ ಹತ್ತಿರದ ಕಂಬವೂ ನನಗೆ ಸರಿ ಕಾಣುವುದಿಲ್ಲ. ಕಂಬದ ಉದ್ದದ ಆರನೇ ಒಂದು ಪಾಲಾದರೂ ನೆಲದೊಳಗೆ ಇರಬೇಕು ಅನ್ನುವುದು ನಮ್ಮ ಲೆಕ್ಕ. ಚಿರೆಕಲ್ಲಿನ ನೆಲದಲ್ಲಿ ಅಷ್ಟು ಸಾಕು. ಹಳ್ಳದ ದಂಡೆಯ ಮೆತ್ತನೆ ಮಣ್ಣಿನಲ್ಲಿ ಸಾಲದು. ಆಷಾಢದ ನೆರೆಗೆ ದಂಡೆ ಜರಿದರೆ ಕಂಬವೂ ಹೋಗುತ್ತದೆ.

ಕರೆಂಟ್ ಕಂಬಕ್ಕೆ ಕಟ್ಟುವುದು ಆಗುತ್ತದೆ, ಆದರೆ ಹೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಒಪ್ಪಿಗೆ ಬೇಕು, ವಿದ್ಯುತ್ ತಂತಿಗಿಂತ ಸಾಕಷ್ಟು ಕೆಳಗೆ ಕಟ್ಟಬೇಕು. ಕೇಳದೇ ಕಟ್ಟಿದರೆ ಲೈನ್‌ಮನ್ ಬಂದು ಕತ್ತರಿಸಿದಾಗ ಕೇಳುವವರಿಲ್ಲ. ನಮ್ಮ ಕಡೆ ಗಾಳಿ ಮಳೆಗೆ ಮರ ಬಿದ್ದರೆ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವೆ, ಅದೂ ನೆನಪಿರಲಿ.

ನೆಲದೊಳಗೇ ಹಾಕಲಿ ಅಂತ ಯಾರಾದರೂ ಹೇಳಬಹುದು. ಬಯಲಿನ ಊರಿಗೆ ಅದೇ ಒಳ್ಳೆಯದು. ಆದರೆ ದರೆಯ ಬುಡದಲ್ಲಿ ಕಾಲುವೆ ತೋಡಿ ಸರಿಯಾಗಿ ಮುಚ್ಚದೆ ಬಿಟ್ಟರೆ ಮಳೆ ನೀರು ಅಲ್ಲೇ ಇಳಿಯುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು, ಎರಡನ್ನೂ ಕಂಡ ಜಿಲ್ಲೆ ನಮ್ಮದು. ಗುಡ್ಡದ ಬುಡ ಅಗೆಯುತ್ತೇವೆ ಅಂದರೆ ನನಗೆ ಹೆದರಿಕೆಯೇ ಆಗುತ್ತದೆ.

ಹಿಂದೆ 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ನಮ್ಮ ಇಲಾಖೆಗೆ ಖಾಸಗಿ ಜಾಗದಲ್ಲೂ ಕಂಬ ನೆಡುವ ಅಧಿಕಾರ ಇತ್ತು. ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪರಿಹಾರ ಕೊಡಬೇಕು ಅಂತಲೂ ಅದರಲ್ಲೇ ಇತ್ತು. ಅಧಿಕಾರ ಇದ್ದರೂ ನಾವು ಯಜಮಾನರನ್ನು ಕೇಳದೆ ಗುದ್ದಲಿ ಹಾಕುತ್ತಿರಲಿಲ್ಲ. ಲೈನ್ ಕೆಟ್ಟಾಗ ಅದೇ ಮನೆಯವರ ತೋಟದಲ್ಲೇ ತಾನೇ ನಾವು ಓಡಾಡಬೇಕಾದದ್ದು?

ಸಿದ್ದಾಪುರದ ಹುಡುಗ:

ಅಕ್ಕಾ, ನಿಮ್ಮ ಆಚೆ ಮನೆಯವರು ಹೇಳಿದ್ದನ್ನೇ ನಾನೂ ಹೇಳಬೇಕಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. 2020ರಲ್ಲಿ ಲಾಕ್‌ಡೌನ್ ಆದಾಗ ನನ್ನ ತಂಗಿ ಗುಡ್ಡದ ತಲೆಯಲ್ಲಿ ತಾಡಪಾಲು ಕಟ್ಟಿಕೊಂಡು ಡಿಗ್ರಿ ಕ್ಲಾಸ್ ಕೇಳಿದ್ದು. ಮಳೆ ಜೋರಾದರೆ ಉಂಬಳ (ಜಿಗಣೆ) ಕಾಲಿಗೆ, ನೀರು ಪುಸ್ತಕಕ್ಕೆ. ಅಪ್ಪ ದಿನಾ ಅವಳ ಜೊತೆ ಹೋಗಿ ಕೂರುತ್ತಿದ್ದರು.

ಆಮೇಲೆ ನಮ್ಮೂರ ಕಡೆಗೂ ಫೈಬರ್ ಬಂತು. ಎರಡು ಮನೆಯವರು ಬಾಯಿ ಮಾತಿನಲ್ಲಿ "ನಮ್ಮ ಜಾಗದಲ್ಲಿ ಬೇಡ" ಅಂದರು. ಎಲ್ಲಿ ಬೇಕು ಅಂತ ಹೇಳಲಿಲ್ಲ. ಕಂಪನಿಯವರು ರಸ್ತೆಯ ಮೋರಿ ತನಕ ಎಳೆದು ಕೇಬಲ್ ಸುತ್ತಿ ಕಂಬಕ್ಕೆ ತೂಗುಹಾಕಿ ಹೋದರು. ಈಗಲೂ ಅಲ್ಲೇ ಇದೆ. ನಮ್ಮನ್ನೂ ಸೇರಿ ಹತ್ತಿಪ್ಪತ್ತು ಮನೆಗೆ ನೆಟ್ ಇಲ್ಲ.

ಹಾಗಾಗಿ ಬೇಡ ಅನ್ನುವ ಪತ್ರ ಬರೆಯಬೇಡಿ ಅಕ್ಕಾ. ಇಲ್ಲಿ ಬೇಡ, ಇಲ್ಲಿ ನೆಡಿ ಅಂತ ಬರೆಯಿರಿ. ಜಾಗ ತೋರಿಸಿ, ಫೋಟೊ ಹಾಕಿ. ಬೇಗ ಮಾಡಿ. ಮಳೆ ಹಿಡಿದರೆ ಯಾರೂ ಗುಂಡಿ ತೋಡುವುದಿಲ್ಲ, ಆಮೇಲೆ ದೀಪಾವಳಿ ತನಕ ಕಾಯಬೇಕು.

ತೋಟದಮನೆ, ಶಿರಸಿ:

ಅಣ್ಣಾ, ತಮ್ಮಾ, ಇಬ್ಬರಿಗೂ ತುಂಬಾ ಉಪಕಾರ ಆಯಿತು.

ಸ್ಟೇ ವಿಷಯ ನಮಗೆ ಯಾರಿಗೂ ಹೊಳೆದಿರಲಿಲ್ಲ. ನಿನ್ನೆ ಸಂಜೆ ಮಗಳನ್ನು ಕರೆದುಕೊಂಡು ಗುರುತಿನ ಮೇಲೆ ನಿಂತು ನೋಡಿದೆ. ಲೈನ್ ಬಡಗು ದಿಕ್ಕಿನಿಂದ ಬಂದು ಪಡುವಣಕ್ಕೆ ತಿರುಗುತ್ತದೆ. ಅಂದರೆ ಸ್ಟೇ ನೇರವಾಗಿ ನಮ್ಮ ದಾರಿಗೇ ಬರುತ್ತದೆ! ದರೆಗೆ ತಾಗಿಸಿ ನೆಟ್ಟರೆ ಸ್ಟೇ ದರೆಯ ಮೇಲೆ ಹೋಗುತ್ತದೆ, ದಾರಿ ಪೂರ್ತಿ ಉಳಿಯುತ್ತದೆ. ನಾಲ್ಕು ಅಡಿಯಲ್ಲಿ ಎಷ್ಟು ವ್ಯತ್ಯಾಸ ನೋಡಿ. ದಿನಾ ಆ ದಾರಿಯಲ್ಲಿ ಓಡಾಡುವವರಿಗೆ ಇದು ಕಾಣುತ್ತದೆ. ಫೋಟೊ ನೋಡಿ ಕಂಬ ಹಾಕುವವರಿಗೆ ಹೇಗೆ ಕಾಣಬೇಕು?

ತಮ್ಮಾ, ನಿನ್ನ ತಂಗಿಯ ವಿಷಯ ಓದಿ ಕಣ್ಣು ತುಂಬಿತು. ಕೇಬಲ್ ಮೋರಿಯಲ್ಲೇ ನಿಲ್ಲುವ ಹಾಗೆ ನಮ್ಮೂರಲ್ಲಿ ಆಗಬಾರದು. ರಸ್ತೆ ಬದಿಯ ದಾರಿಯನ್ನು ಮಗಳು ಮೊಬೈಲ್ ನಕ್ಷೆಯಲ್ಲಿ ಗುರುತು ಹಾಕುತ್ತಿದ್ದಾಳೆ. ಹಳ್ಳ ದಾಟುವುದಕ್ಕೆ ಸಂಕದ ಬದಲು ಮೇಲಿನ ಪಂಚಾಯ್ತಿ ಸೇತುವೆ ಇದೆ. ಅಲ್ಲಿ ಎರಡೂ ಬದಿ ಕಲ್ಲುನೆಲ.

ಆದರೆ ಕಾಯ್ದೆ ಏನು ಹೇಳುತ್ತದೆ ಅಂತ ಇನ್ನೂ ತಿಳಿಯಲಿಲ್ಲ. ಬೆಟ್ಟದ ಕಂಬದ ಬಗ್ಗೆಯೂ ಯಾರಾದರೂ ಹೇಳಿ.

ವಕೀಲಿ, ಕಾರವಾರ:

ತೋಟದಮನೆಯವರೇ, ನಾನು ಕಾರವಾರದಲ್ಲಿ ವಕೀಲಿ ಮಾಡುತ್ತೇನೆ. ಒಂದೊಂದಾಗಿ ಹೇಳುತ್ತೇನೆ. ನಿಮ್ಮ ಕಾಗದಪತ್ರ ನಾನು ನೋಡಿಲ್ಲ, ಹಾಗಾಗಿ ಸಹಿ ಹಾಕುವ ಮೊದಲು ಶಿರಸಿಯಲ್ಲೇ ಒಬ್ಬ ವಕೀಲರಿಗೆ ತೋರಿಸಿ.

ಈಗ ನಡೆಯುವುದು 2023ರ ದೂರಸಂಪರ್ಕ ಕಾಯ್ದೆ. ಅದರಡಿ ಮಾಡಿದ ದಾರಿ ಹಕ್ಕಿನ (ಬೇರೆಯವರ ಜಾಗದಲ್ಲಿ ಕಂಬ, ಕೇಬಲ್ ಒಯ್ಯುವ ಹಕ್ಕಿನ) ನಿಯಮ 2024ರದ್ದು, ಜಾರಿಗೆ ಬಂದಿದ್ದು 2025ರ ಜನವರಿ 1ರಿಂದ. ಸಾರ್ವಜನಿಕ ಜಾಗಕ್ಕೆ ಕಲಂ 11, ಉಳಿದ ಜಾಗಕ್ಕೆ ಕಲಂ 12. ನಿಮ್ಮ ಜಗಳದ ಗಂಟು ಇರುವುದು ಇಲ್ಲೇ. ಪಂಚಾಯ್ತಿ ಒಪ್ಪಿಗೆ ಪಂಚಾಯ್ತಿಯ ಜಾಗಕ್ಕೆ ಮಾತ್ರ. ಪಹಣಿಯಲ್ಲಿ ನಿಮ್ಮ ಹೆಸರಿರುವ ತೋಟಕ್ಕೆ ಪಂಚಾಯ್ತಿ ಒಪ್ಪಿಗೆ ಕೊಡಲು ಬರುವುದಿಲ್ಲ. ಅಲ್ಲಿ ಕಂಪನಿ ನಿಮ್ಮನ್ನೇ ಕೇಳಬೇಕು, ನಿಮ್ಮ ಜೊತೆ ಒಪ್ಪಂದ ಮಾಡಿಕೊಳ್ಳಬೇಕು.

ಹಾಗಂತ ನೀವು ಬೇಡ ಅಂದ ಕೂಡಲೇ ಎಲ್ಲಾ ಮುಗಿಯಿತು ಅಂತಲೂ ಅಲ್ಲ. ಸಾರ್ವಜನಿಕ ಹಿತಕ್ಕೆ ಆ ಜಾಗವೇ ಬೇಕು ಅಂತ ಸರ್ಕಾರಕ್ಕೆ ಅನ್ನಿಸಿದರೆ ಒಪ್ಪಿಗೆ ಕೊಡಿಸುವ ದಾರಿ ಅದೇ ಕಲಂನಲ್ಲಿದೆ. ಅದಕ್ಕೇ ಸಿದ್ದಾಪುರದವರ ಸಲಹೆ ಕಾನೂನಿನ ಲೆಕ್ಕದಲ್ಲೂ ಒಳ್ಳೆಯದು. ಬೇರೆ ದಾರಿ ಇದೆ, ಅದು ರಸ್ತೆ ಬದಿಯಲ್ಲೇ ಇದೆ, ತಾಂತ್ರಿಕ ತೊಂದರೆ ಇಲ್ಲ ಅಂತ ನೀವು ಲಿಖಿತದಲ್ಲಿ ಕೊಟ್ಟರೆ, ನಿಮ್ಮ ತೋಟವೇ ಬೇಕು ಅನ್ನುವ ವಾದ ನಿಲ್ಲುವುದು ಕಷ್ಟ.

ಕಂಪನಿಗೆ ಸರ್ಕಾರದ ಅಧಿಕೃತ ಮಾನ್ಯತೆ ಇದೆಯಾ ಅಂತಲೂ ಕೇಳಿ. ಈ ಹಕ್ಕು ಮಾನ್ಯತೆ ಇದ್ದವರಿಗೆ ಮಾತ್ರ. ಎಷ್ಟೋ ಕಡೆ ಕಂಬ ನೆಡುವವರು ಒಬ್ಬರು, ಮಾನ್ಯತೆ ಇರುವವರು ಇನ್ನೊಬ್ಬರು. ಯಾರ ಪರವಾಗಿ ನೆಡುತ್ತಿದ್ದಾರೆ ಅಂತ ಪತ್ರ ತೋರಿಸಲಿ.

ಪಂಚಾಯ್ತಿಯವರಿಗೂ ಒಂದು ಮಾತು. ಅರ್ಜಿ ಬಂದ ಮೇಲೆ ಸುಮ್ಮನೆ ಕಡತದಲ್ಲಿ ಇಟ್ಟುಕೊಂಡರೆ, 67 ದಿನ ಕಳೆದ ಮೇಲೆ ಒಪ್ಪಿಗೆ ಕೊಟ್ಟ ಹಾಗೆಯೇ ಲೆಕ್ಕ. ಬೇಡ ಅನ್ನುವುದಾದರೆ ಕಾರಣ ಬರೆದು ಕೊಡಬೇಕು. ಆದ್ದರಿಂದ ಗ್ರಾಮಸಭೆ ಯಾವಾಗ ಬರುತ್ತದೋ ಅಂತ ಕಾಯಬೇಡಿ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಒಪ್ಪಿಗೆ ಪತ್ರದ ನಕಲು ಮತ್ತು ಅದರ ಜೊತೆಗಿನ ನಕ್ಷೆ ಕೇಳಿ. ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು.

ಇನ್ನು ಬೆಟ್ಟ. ನಮ್ಮ ಜಿಲ್ಲೆಯಲ್ಲಿ ಎಲ್ಲರೂ "ನಮ್ಮ ಬೆಟ್ಟ" ಅನ್ನುತ್ತೇವೆ. ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಸೌಲಭ್ಯ ನಮ್ಮದು, ನೆಲ ಅರಣ್ಯದ್ದು. ಆದ್ದರಿಂದ ಅಲ್ಲಿ ಕಂಬಕ್ಕೆ ನೀವೂ ಒಪ್ಪಿಗೆ ಕೊಡಲು ಬರುವುದಿಲ್ಲ, ಪಂಚಾಯ್ತಿಯೂ ಕೊಡಲು ಬರುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಓದಿ. ಸರ್ಕಾರ ನಡೆಸುವ 13 ಬಗೆಯ ಸೌಲಭ್ಯಕ್ಕೆ ಅರಣ್ಯ ಜಾಗ ಕೊಡಬಹುದು ಅಂತ ಇದೆ. ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರಿನ ಜೊತೆಗೆ ವಿದ್ಯುತ್ ಮತ್ತು ದೂರಸಂಪರ್ಕದ ತಂತಿಯೂ ಆ ಪಟ್ಟಿಯಲ್ಲಿದೆ. ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯುವ ಹಾಗಿಲ್ಲ, ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಆದರೆ ಇದು ಸರ್ಕಾರಿ ಯೋಜನೆಗೆ. ಖಾಸಗಿ ಕಂಪನಿ ತನ್ನ ವ್ಯಾಪಾರಕ್ಕೆ ಎಳೆಯುವ ಲೈನಿಗೆ 1980ರ ಅರಣ್ಯ ಕಾಯ್ದೆಯ ದಾರಿಯನ್ನೇ ಹಿಡಿಯಬೇಕು. ಮೊದಲು ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಕಚೇರಿಗೆ ಪತ್ರ ಕೊಡಿ. ಅನುಮತಿ ಇಲ್ಲದೆ ಬೆಟ್ಟದಲ್ಲಿ ಗುಂಡಿ ತೋಡಿದರೆ ನಾಳೆ ವಿಚಾರಣೆಗೆ ಬರುವವರು ಮೊದಲು ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಈ ಕಾಯ್ದೆಯ ತಕರಾರು ಹೋಗುವುದು ಜಿಲ್ಲಾಧಿಕಾರಿಗಳ ಮುಂದೆ. ಪರಿಹಾರದ ಮೊತ್ತದ ಜಗಳವಾದರೆ ಜಿಲ್ಲಾ ನ್ಯಾಯಾಲಯ. ಶಿರಸಿಯಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ ದಾರಿ, ಅಲೆದಾಟ ಬೇಡ ಅನ್ನಿಸಿದರೆ ಊರಲ್ಲೇ ಕೂತು ಬಗೆಹರಿಸಿಕೊಳ್ಳಿ.

ಹೊನ್ನಾವರದವ, ಈಗ ಇಂಗ್ಲೆಂಡಿನ ಹಲ್ ಊರಲ್ಲಿ:

ತೋಟದಮನೆ ಅಕ್ಕಾ, ನಿಮ್ಮ ಪೋಸ್ಟ್ ಓದಿ ನಾನಿರುವ ಬೀದಿಯ ಬಗ್ಗೆಯೇ ಬರೆದ ಹಾಗೆ ಅನ್ನಿಸಿತು. ಇಲ್ಲಿಯೂ ಮೂರು ನಾಲ್ಕು ವರ್ಷದಿಂದ ಫೈಬರ್ ಕಂಬಕ್ಕೆ ದೊಡ್ಡ ಗಲಾಟೆ. ಹಲ್ ಮತ್ತು ಪಕ್ಕದ ಈಸ್ಟ್ ಯಾರ್ಕ್‌ಷೈರ್‌ನಲ್ಲಿ ಜನ ಗುಂಡಿಯ ಮುಂದೆ ಬಂದು ನಿಂತಿದ್ದೂ ಉಂಟು.

ಇಲ್ಲಿ ನೆಲದೊಳಗೆ ಪೈಪು ಮೊದಲೇ ಇವೆ. ದೇಶದ ಬಹುಪಾಲು ಕಡೆ ಟೆಲಿಫೋನ್ ಜಾಲ ನಡೆಸುವ ಓಪನ್‌ರೀಚ್ ಕಂಪನಿ ತನ್ನ ಪೈಪು, ಕಂಬವನ್ನು ಬೇರೆ ಕಂಪನಿಗಳಿಗೂ ಬಾಡಿಗೆಗೆ ಕೊಡಲೇಬೇಕು ಅನ್ನುವ ನಿಯಮ ಇದೆ. ಹಲ್ ಊರಲ್ಲಿ ಹಿಂದಿನಿಂದಲೂ ಬೇರೆಯದೇ ಟೆಲಿಫೋನ್ ಕಂಪನಿ. ಅದರ ಪೈಪು ಹೊಸ ಕಂಪನಿಗಳಿಗೆ ಸುಲಭಕ್ಕೆ ಸಿಗಲಿಲ್ಲ, ಅವರು ಸಾಲಾಗಿ ಕಂಬ ನೆಟ್ಟರು. ತಂತಿಯೇ ಇಲ್ಲದಿದ್ದ ಬೀದಿಗಳಲ್ಲಿ ಕಿಟಕಿ ತೆರೆದರೆ ಕಂಬ ಕಾಣುವ ಹಾಗಾಯಿತು.

ಇಂಗ್ಲೆಂಡಿನಲ್ಲಿ ಮನೆ ಮುಂದೆ ಒಂದು ಕೋಣೆ ಕಟ್ಟಲೂ ಪ್ಲ್ಯಾನಿಂಗ್ ಒಪ್ಪಿಗೆಯ ಮಾತು ಬರುತ್ತದೆ. ಆದರೆ ಇಂಥ ಕಂಬಕ್ಕೆ ಸಾಮಾನ್ಯವಾಗಿ ಅದು ಬೇಡ. 28 ದಿನ ಮುಂಚೆ ಸ್ಥಳೀಯ ಕೌನ್ಸಿಲ್‌ಗೆ ತಿಳಿಸಿದರೆ ಸಾಕು. ಕೌನ್ಸಿಲ್ ಸಲಹೆ ಕೊಡಬಹುದು, ತಡೆಯಲು ಬರುವುದಿಲ್ಲ. ಜನರಿಗೆ ಸಿಟ್ಟು ಬಂದಿದ್ದು ಇದಕ್ಕೇ. ಎಷ್ಟರ ಮಟ್ಟಿಗೆ ಅಂದರೆ 2024ರ ಮಾರ್ಚಿನಲ್ಲಿ ಆಗಿನ ಸಚಿವೆ ಜೂಲಿಯಾ ಲೋಪೆಜ್ ಅವರೇ ಕಂಪನಿಗಳಿಗೆ ಪತ್ರ ಬರೆದು, ಇರುವ ಪೈಪು ಕಂಬಗಳನ್ನೇ ಹಂಚಿಕೊಳ್ಳಿ, ಬೇಡದ ಕಡೆ ಹೊಸ ಕಂಬ ಬೇಡ ಅಂತ ಹೇಳಬೇಕಾಯಿತು.

ಒಂದು ಒಳ್ಳೆಯ ಅಂಶವೂ ಇದೆ. ಮೂರು ಮೀಟರಿಗಿಂತ ಎತ್ತರದ ಕಂಬ ನಿಂತ ಮೇಲೂ, ಅದರಿಂದ ತೊಂದರೆಯಾಗುವ ಅಕ್ಕಪಕ್ಕದ ಜಾಗದವರು 12 ತಿಂಗಳೊಳಗೆ ಕಂಪನಿಗೆ ತಕರಾರು ಕೊಡಬಹುದು, ಬಗೆಹರಿಯದಿದ್ದರೆ ಕೋರ್ಟಿಗೂ ಹೋಗಬಹುದು. ನಿಮ್ಮ ಒಪ್ಪಂದದಲ್ಲೂ ಇಂಥದ್ದೊಂದು ಮಾತು ಬರೆಸಿಕೊಳ್ಳಿ. ಒಂದು ಮಳೆಗಾಲ, ಒಂದು ಕೊಯ್ಲು ಕಳೆದ ಮೇಲೆ ತೊಂದರೆ ಕಂಡರೆ ಕಂಪನಿಯ ಖರ್ಚಿನಲ್ಲಿ ಕಂಬ ಸರಿಸಬೇಕು ಅಂತ.

ನನ್ನ ಬೀದಿಯವರ ಸಿಟ್ಟು ಹೆಚ್ಚಾಗಿ ನೋಟ ಕೆಟ್ಟಿತು ಅಂತ. ಅದೂ ಸಣ್ಣ ವಿಷಯ ಅಲ್ಲ. ಆದರೆ ನಿಮ್ಮದು ಹೊಟ್ಟೆಪಾಡಿನ ವಿಷಯ. ಕೊನೆ ಇಳಿಸುವ ಹಗ್ಗದ ಮಾತನ್ನು ಹಾಗೇ ಬರೆದು ಕೊಡಿ ಅಕ್ಕಾ.

ತೋಟದಮನೆ, ಶಿರಸಿ:

ಆಗಿದ್ದನ್ನು ತಿಳಿಸಬೇಕಲ್ಲಾ ಅಂತ ಬರೆಯುತ್ತಿದ್ದೇನೆ.

ನೀವೆಲ್ಲ ಹೇಳಿದ ಹಾಗೆ ಪತ್ರ ಬರೆದೆವು. ಹನ್ನೊಂದು ಮನೆಯವರೂ ಸಹಿ ಹಾಕಿದರು. ಆಚೆ ಮನೆಯ ಅತ್ತಿಗೆಯೇ ಮೊದಲು ಹಾಕಿದ್ದು, ಯಾಕೆಂದರೆ ಪತ್ರದ ಮೊದಲ ಸಾಲಿನಲ್ಲೇ "ನಮಗೆ ಈ ಸಂಪರ್ಕ ಬೇಕು" ಅಂತ ಬರೆದಿದ್ದೆವು. ನಕ್ಷೆ, ಫೋಟೊ ಲಗತ್ತಿಸಿ ಪಿಡಿಒ ಅವರಿಗೂ ಕಂಪನಿಗೂ ಕೊಟ್ಟೆವು. ಪಂಚಾಯ್ತಿ ಪತ್ರದ ನಕಲು ಸಿಕ್ಕಿತು. ಅದರಲ್ಲಿ ರಸ್ತೆ ಬದಿ ಅಂತ ಮಾತ್ರ ಇದೆ. ತೋಟದ ಮಾತೂ ಇಲ್ಲ, ಬೆಟ್ಟದ ಮಾತೂ ಇಲ್ಲ.

ಈ ಸಲ ಸೂಪರ್‌ವೈಸರ್ ಜೊತೆ ಕಂಪನಿಯ ಇಂಜಿನಿಯರ್ ಒಬ್ಬರೂ ಬಂದರು. ಚಹಾ ಕುಡಿದು ಎಲ್ಲರೂ ಒಟ್ಟಿಗೆ ನಡೆದೆವು. ಮೊದಲು ತೋಟಕ್ಕೇ ಕರೆದುಕೊಂಡು ಹೋದೆ. ಕೊನೆಗೌಡರು ಪಕ್ಕದ ತೋಟದಲ್ಲಿದ್ದವರು ಬಂದು, ಮರ ಹತ್ತದೆ ನೆಲದಲ್ಲೇ ನಿಂತು, ಹಗ್ಗ ಎಲ್ಲಿಂದ ಎಲ್ಲಿಗೆ ಬರುತ್ತದೆ ಅಂತ ಕೈ ಚಾಚಿ ತೋರಿಸಿದರು. ಇಂಜಿನಿಯರ್ ಬಯಲುಸೀಮೆಯವರು, ಹಗ್ಗದ ಕೊಯ್ಲು ನೋಡಿರಲಿಲ್ಲ. "ಇದು ನನಗೆ ಗೊತ್ತೇ ಇರಲಿಲ್ಲ" ಅಂದರು. ಅಲ್ಲೇ ತೋಟದ ಮೇಲಿನ ಲೈನ್ ಕೈಬಿಟ್ಟರು. ಕೇಬಲ್ ಈಗ ರಸ್ತೆ ಬದಿಯಲ್ಲೇ ಹೋಗಿ ಸೇತುವೆ ದಾಟುತ್ತದೆ. ಐದು ಕಂಬ ಜಾಸ್ತಿ ಬೇಕು. ಸ್ಪೀಡಿನ ಮಾತು ಮತ್ತೆ ಬರಲಿಲ್ಲ, ಖರ್ಚಿನ ಮಾತು ಬಂತು. ಆ ಐದು ಗುಂಡಿಗಳನ್ನು ನಾವು ಊರವರೇ ತೋಡಿ ಕೊಡುತ್ತೇವೆ ಅಂದೆವು, ಒಪ್ಪಿದರು.

ಉಣಗೋಲಿನ ಹತ್ತಿರದ ಕಂಬ ದರೆಗೆ ಸರಿಯಿತು, ಸ್ಟೇ ದರೆಯ ಮೇಲೆ. ಕುಮಟಾ ಅಣ್ಣಾ, ಇದು ಪೂರ್ತಿ ನಿಮ್ಮಿಂದ ಆಗಿದ್ದು.

ಒಂದು ಮಳೆಗಾಲ, ಒಂದು ಕೊಯ್ಲಿನ ತನಕ ತೊಂದರೆ ಕಂಡರೆ ಸರಿಸಿಕೊಡಬೇಕು ಅನ್ನುವ ಮಾತನ್ನು ಬರಹದಲ್ಲಿ ಕೇಳಿದ್ದೇವೆ. ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ. ಸಹಿ ಆಗುವ ತನಕ ದರೆಯ ಕಂಬಕ್ಕೆ ಸಿಮೆಂಟ್ ಹಾಕಲು ನಾನು ಬಿಡುವುದಿಲ್ಲ.

ಬೆಟ್ಟದ ನಾಲ್ಕು ಕಂಬ ಹಾಗೇ ಬಾಕಿ ಇವೆ. ಮೇಲಿನ ಕೇರಿಯ ಎರಡು ಮನೆಗೆ ಬೇರೆ ದಾರಿಯೇ ಇಲ್ಲ. ಆ ಎರಡು ಮನೆಗಾಗಿ ಕರೆಂಟ್ ಕಂಬದ ಮೇಲೆ ಕೇಬಲ್ ಒಯ್ಯಲು ಹೆಸ್ಕಾಂಗೆ ಅರ್ಜಿ ಕೊಡಿ ಅಂತ ಕಂಪನಿಗೆ ಹೇಳಿದ್ದೇವೆ. ಆರ್‌ಎಫ್‌ಒ ಕಚೇರಿಗೂ ಪತ್ರ ಕೊಟ್ಟಿದ್ದೇವೆ, ಉತ್ತರ ಬರಬೇಕು. ಅಲ್ಲಿ ವಯಸ್ಸಾದ ಇಬ್ಬರೇ ಇರುವ ಮನೆ ಒಂದಿದೆ. ಮಗ ಹೊರದೇಶದಲ್ಲಿ. ಅವರಿಗೆ ಮೊದಲು ಸಿಗಬೇಕಾಗಿತ್ತು ಅನ್ನುವುದು ನನ್ನ ಮನಸ್ಸಿನ ಮಾತು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಯಾರಾದರೂ ಕರೆಂಟ್ ಕಂಬದ ಮೇಲೆ ಒಪ್ಪಿಗೆ ಪಡೆದು ಕೇಬಲ್ ಎಳೆಸಿಕೊಂಡಿದ್ದರೆ ಆ ಪತ್ರದ ನಮೂನೆ ಇಲ್ಲಿ ಹಾಕಿ. ಗ್ರಾಮಸಭೆಯಲ್ಲಿ ಇಂಥ ಠರಾವು ಮಾಡಿದ ಊರು ಇದ್ದರೆ ಅದರ ನಕಲೂ ಬೇಕು. ಮುಂದಿನ ವಾರ ನಮ್ಮ ವಾರ್ಡ್ ಸಭೆ ಇದೆ, ಅಷ್ಟರೊಳಗೆ ಸಿಕ್ಕರೆ ಓದಿ ಹೇಳಬಹುದು.